ಆಟಗಾರರಿಗೆ ಮಾತ್ರ

ಪೈಪು ಹೆಣಭಾರ. ಒಳಗೆ ನೀರು ತುಂಬಿಕೊಂಡ ಮೇಲೆ ಇನ್ನೂ ಭಾರ. ಅದನ್ನು ಹೆಗಲ ಮೇಲೆ ಹಾಕಿಕೊಂಡು ಮೈದಾನದ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಎಳೆದು, ಮೂತಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಹಸಿರು ಟರ್ಫಿನ ಮೂಲೆ ಮೂಲೆಗೂ ನೀರು ಹೊಡೆಯಬೇಕು. ಟರ್ಫು ಒಣಗಿದ್ದರೆ ಹಾಕಿ ಚೆಂಡು ಹುಚ್ಚು ಹಿಡಿದಂತೆ ಪುಟಿಯುತ್ತದೆ, ಬಿದ್ದ ಮಕ್ಕಳ ಮಂಡಿ ಸುಲಿಯುತ್ತದೆ. ಮಂಡಿ ಸುಲಿಯಬಾರದು ಅಂತ ಕ್ಲಬ್ಬಿನಲ್ಲಿ ನಿಯಮವಿದೆ. ನೀರು ಹೊಡೆಯುವವಳ ಹೆಗಲಿನ ಬಗ್ಗೆ ಯಾವ ನಿಯಮವೂ ಇಲ್ಲ.

ಆ ಹೆಗಲು ನೀರಕ್ಕನದು. ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ನೀರು ಬೇಕಾದಾಗ ಕೂಗಿದರೆ ಅವಳಿಗೆ ಕೇಳುವಷ್ಟು ಹತ್ತಿರ ಇರಬೇಕು. ನೀರು ಹೊಡೆದಾದ ಮೇಲೆ ಕಣ್ಣಿಗೆ ಬೀಳದಷ್ಟು ದೂರ ಇರಬೇಕು. ಈ ಎರಡಕ್ಕೂ ಸರಿಹೊಂದುವ ಜಾಗ ಪಂಪಿನ ಮನೆಯ ಹಿಂದಿನ ಅಂಗಳ. ಅಲ್ಲೇ ಅವಳ ಊಟ, ಅಲ್ಲೇ ಸೀರೆ ಹಿಂಡಿ ಒಣಗಿಸುವುದು, ಶಾಲೆ ಬಿಟ್ಟ ಮೇಲೆ ಮಗಳು ಬಂದು ಕಾಯುವುದೂ ಅಲ್ಲೇ.

ಮಗಳಿಗೆ ಏಳು ವರ್ಷ. ಕಡ್ಡಿಯ ಹಾಗಿದ್ದಳು, ಅದಕ್ಕೇ ಮನೆಯಲ್ಲಿ ಕಡ್ಡಿ. ಮಾತೂ ಅಷ್ಟೇ, ಕಡ್ಡಿ ತುಂಡು ಮಾಡಿದ ಹಾಗೆ. ಮುಂದಿನ ಎರಡು ಹಲ್ಲು ಬಿದ್ದಿದ್ದರಿಂದ ಆ ಮಾತಿನ ಜೊತೆಗೆ ಒಂದಿಷ್ಟು ಗಾಳಿಯೂ ಬರುತ್ತಿತ್ತು. ಕ್ಲಬ್ಬಿನವರು ಎಸೆದ ಮುರುಕು ಹಾಕಿ ಸ್ಟಿಕ್ಕೊಂದನ್ನು ಅವಳ ಅಪ್ಪ ಬಸ್ಸಿನ ಸೀಟಿನ ರೆಕ್ಸಿನ್ ಸುತ್ತಿ ಸರಿಮಾಡಿ ಕೊಟ್ಟಿದ್ದ. ಅವನು ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವನು. ಆ ಸ್ಟಿಕ್ಕು ಹಿಡಿದು ಕಡ್ಡಿ ಅಂಗಳದ ಕಲ್ಲು, ಬಕೆಟ್ಟು, ಅಮ್ಮನ ಕಾಲು, ಮಲಗಿದ ನಾಯಿ ಎಲ್ಲವನ್ನೂ ಸುತ್ತುಹಾಕಿ ಚೆಂಡು ಉರುಳಿಸುತ್ತಿದ್ದಳು. ಟರ್ಫಿನ ಮೇಲೆ ಮಾತ್ರ ಕಾಲಿಡುವಂತಿರಲಿಲ್ಲ. ಸಿಬ್ಬಂದಿಯ ಮಕ್ಕಳು ಟರ್ಫ್ ತುಳಿಯಬಾರದು. ನಾಯಿಗೂ ಅದೇ ನಿಯಮ. ನಾಯಿ ಪಾಲಿಸುತ್ತಿರಲಿಲ್ಲ.

ಆ ವರ್ಷ ಕ್ಲಬ್ಬಿನವರು ಎಂಟು ವರ್ಷದೊಳಗಿನವರ ಲೀಗಿಗೆ ತಂಡ ಕಟ್ಟಲು ಹೊರಟರು. ಊರೂರಿನ ತಂಡಗಳು ಬರುವ ಲೀಗು. ಅಂಕ, ಪಟ್ಟ, ಕಪ್ ಎಲ್ಲ ಉಂಟು. ಮಕ್ಕಳಲ್ಲಿ ಅರ್ಧ ಜನಕ್ಕೆ ಬೂಟಿನ ಲೇಸು ಕಟ್ಟಲು ಬಾರದು. ಒಬ್ಬ ಆಟದ ನಡುವೆ ಕುಳಿತು ಇರುವೆ ನೋಡುತ್ತಾನೆ. ಇನ್ನೊಬ್ಬಳಿಗೆ ಓಡುವಾಗ ಉಚ್ಚೆ ಬರುತ್ತದೆ. ಆದರೆ ಅಪ್ಪ ಅಮ್ಮಂದಿರಿಗೆ ನಿದ್ದೆ ಹಾರಿಹೋಯಿತು. ಯಾವ ಲೀಗು, ಯಾವ ಕೋಚು, ಈಗ ಸೇರಿಸದಿದ್ದರೆ ಮುಂದೇನು ಗತಿ ಎಂದು ಮೈದಾನದ ಅಂಚಿನಲ್ಲಿ ಗುಂಪು ಗುಂಪಾಗಿ ನಿಂತು ತಲೆ ಕೆಡಿಸಿಕೊಂಡರು. ಅವರ ಪೈಕಿ ಯಾವಾಗಲೂ ಬಿಳಿ ಬೂಟು ಹಾಕುವ ಒಬ್ಬ ಯಜಮಾನರು ತಮ್ಮ ಮಗನನ್ನು ಈಗಾಗಲೇ 'ಕ್ಯಾಪ್ಟನ್' ಎಂದು ಕರೆಯಲು ಶುರುಮಾಡಿದ್ದರು. ಕ್ಯಾಪ್ಟನ್ ಮೂಗಿನಲ್ಲಿ ಬೆರಳಿಟ್ಟುಕೊಂಡು ಓಗೊಡುತ್ತಿದ್ದ.

ಕೋಚಿಗೆ ಎಲ್ಲರೂ ಸೀಟಿ ಸರ್ ಅನ್ನುತ್ತಿದ್ದರು. ಸೀಟಿ ಅವರ ಬಾಯಿ ಬಿಡುತ್ತಿರಲಿಲ್ಲ. ಊಟದ ಹೊತ್ತಿನಲ್ಲಾದರೂ ತೆಗೆಯುತ್ತಾರೆ ಎಂದು ಜನ, ಅದೂ ಅನುಮಾನ ಎಂದು ಅವರ ಹೆಂಡತಿ. ಅವರೊಮ್ಮೆ ಪಂಪಿನ ಮನೆಯ ಹಿಂದಕ್ಕೆ ಬೀಡಿ ಸೇದಲು ಬಂದವರು ಕಡ್ಡಿಯನ್ನು ಕಂಡು, ಬಾಯಿಯ ಇನ್ನೊಂದು ಮೂಲೆಯಲ್ಲಿ ಹಚ್ಚಿದ ಬೀಡಿ ಮರೆತು ನಿಂತರು.

"ಯಾರ ಮಗು ಇದು?"

"ನಂದೇ ಸರ್."

"ಸೆಲೆಕ್ಷನ್ನಿಗೆ ಕರ್ಕೊಂಡು ಬಾ," ಎಂದರು. ಅವರ ಬಾಯಿಯಿಂದ ಮಾತಿನ ಜೊತೆ ಪೀಪಿ ಬಂತು. ನೀರಕ್ಕನಿಗೆ ಅದು ಮದುವೆ ಮನೆಯ ವಾಲಗದ ಹಾಗೆ ಕೇಳಿಸಿತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಗಂಡ ಹೇಳಿದ, "ನಮ್ಮ ಡಿಪೋದವರೂ ಅದೇ ಲೀಗಿಗೆ ತಂಡ ಕಳಿಸ್ತಾರೆ. ಕಂಡಕ್ಟರ್ ಅಕ್ಕ ಇದ್ದಾರಲ್ಲ, ಅವರೇ ಕೋಚು. ಅಲ್ಲಿಗೆ ಸೇರಿಸೋಣ."

"ಆ ಜಲ್ಲಿಕಲ್ಲಿನ ಮೇಲೆ? ಬಿದ್ರೆ ಹಲ್ಲು ಉಳಿಯುತ್ತಾ?"

"ಹಲ್ಲು ಈಗೆಲ್ಲಿದೆ?"

"ಇಷ್ಟು ವರ್ಷ ನೀರು ಹಾಕಿ ಬೆಳೆಸಿದ್ದೀನಿ ಆ ಟರ್ಫ್‌ನ. ನನ್ನ ಮಗಳು ಅದರ ಮೇಲೇ ಆಡ್ಬೇಕು."

ಅತ್ತೆ ತಟ್ಟೆಯಿಂದ ತಲೆ ಎತ್ತಿದಳು. "ಪ್ಲಾಸ್ಟಿಕ್ಕಿಗೆ ನೀರು ಹಾಕಿ ಬೆಳೆಸ್ತಾಳಂತೆ. ಎಷ್ಟುದ್ದ ಬೆಳೀತು ಕಣೇ?"

ನೀರಕ್ಕ ಅತ್ತೆಯ ತಟ್ಟೆಗೆ ಸಾರು ಬಡಿಸಿದಳು. ಅವಳ ಮನಸ್ಸು ಗಟ್ಟಿಯಾಗಿತ್ತು. ಆ ಹಸಿರಿನ ಮೇಲೆ ಬರಿಗಾಲಲ್ಲಿ ಪೈಪು ಎಳೆದವಳು ಅವಳು. ಮಗಳು ಬೂಟು ಹಾಕಿಕೊಂಡು ಓಡಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದು.

ಸೆಲೆಕ್ಷನ್ ದಿನ ಬಿಳಿ ಬೂಟಿನವರು ಮಗನ ಮುಂದೆ ಮಂಡಿಯೂರಿ ಕೂತು ಯುದ್ಧಕ್ಕೆ ಕಳಿಸುವವರ ಹಾಗೆ ಭಾಷಣ ಮಾಡಿದರು. ಕ್ಯಾಪ್ಟನ್ ಅಳಲು ಶುರುಮಾಡಿದ. ಕಡ್ಡಿಗೆ ಭಾಷಣ ಮಾಡುವವರು ಯಾರೂ ಇರಲಿಲ್ಲ. ಅಮ್ಮ ಮುಂದಿನ ಆಟಕ್ಕೆ ಪಕ್ಕದ ಟರ್ಫಿಗೆ ನೀರು ಹೊಡೆಯುತ್ತಿದ್ದಳು. ಪೈಪು ಹಿಡಿದೇ ಕಣ್ಣಂಚಿನಲ್ಲಿ ನೋಡಿದಳು. ಕಡ್ಡಿ ಚೆಂಡು ತೆಗೆದುಕೊಂಡು ಒಬ್ಬೊಬ್ಬರನ್ನೇ ದಾಟಿ ಗೋಲು ಹೊಡೆದಳು. ಹೊಡೆದವಳು ನಿಲ್ಲಲಿಲ್ಲ. ಚೆಂಡನ್ನು ಹಿಂದಕ್ಕೆ ತಂದು ಈ ಕಡೆಯ ಗೋಲಿಗೂ ಹೊಡೆದಳು.

"ಏ, ಅದು ನಮ್ಮ ಗೋಲು!" ಎಂದು ಸೀಟಿ ಸರ್ ಕೂಗಿದರು.

"ಅದೂ ಖಾಲಿ ಇತ್ತು ಸರ್."

ಆಟ ನೋಡಿದ್ದು ಆಯಿತು. ಇನ್ನು ಹೆತ್ತವರ ಸಂದರ್ಶನ. ಮಕ್ಕಳು ಹಾಕಿ ಆಡಲು ಹೆತ್ತವರನ್ನು ಯಾಕೆ ಪರೀಕ್ಷೆ ಮಾಡಬೇಕು ಎಂದು ನೀರಕ್ಕನಿಗೆ ತಿಳಿಯಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲ. ಅತ್ತೆ ಜೊತೆಗೆ ಹೊರಟಳು. ಕಾರ್ಯದರ್ಶಿ ಮೇಡಂ ಕೋಣೆಯಲ್ಲಿ ಎಸಿ ಗುಂಯ್ ಅನ್ನುತ್ತಿತ್ತು. ಮೇಡಂ ನೀರಕ್ಕನ ಒದ್ದೆ ಸೆರಗು ನೋಡಿದರು. ಎದ್ದು ಹೋಗಿ ಎರಡು ಕುರ್ಚಿಗಳ ಮೇಲೆ ಹಳೇ ಪೇಪರು ಹಾಸಿದರು. ನೀರಕ್ಕ ಆ ಪೇಪರಿನ ಮೇಲೆ ಕೂತಳು. ಅತ್ತೆ ಪೇಪರು ತೆಗೆದು ಮಡಚಿ ಮೇಜಿನ ಮೇಲಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತಳು.

"ಮಗುವಿನ ಮುಂದಿನ ಐದು ವರ್ಷದ ಗುರಿ ಏನು?" ಮೇಡಂ ಕೇಳಿದರು.

"ಮೊದಲು ಮುಂದಿನ ಹಲ್ಲು ಬರ್ಲಿ ತಾಯಿ," ಎಂದಳು ಅತ್ತೆ.

"ಮಗುವಿನ ಆಹಾರ ಯಾರು ನೋಡ್ಕೋತಾರೆ?"

"ಅವಳದನ್ನ ಅವಳೇ ನೋಡ್ಕೋತಾಳೆ. ನಮ್ಮ ತಟ್ಟೇಲಿರೋದನ್ನೂ ನೋಡ್ತಾ ಇರ್ತಾಳೆ."

"ಸೋತಾಗ ಮಗು ಹೇಗೆ ವರ್ತಿಸುತ್ತೆ?"

"ಕಚ್ಚುತ್ತೆ."

ಮೇಡಂ ನೀರಕ್ಕನ ಕಡೆ ತಿರುಗಿದರು. "ಅಜ್ಜಿಯವರು ಏನು ಮಾಡ್ಕೊಂಡಿದ್ರು?"

ಅತ್ತೆಯೇ ಹೇಳಿದಳು. "ದೊಡ್ಡಾಸ್ಪತ್ರೆ ಹೆರಿಗೆ ವಾರ್ಡಲ್ಲಿ ಆಯಾ. ಈ ಊರಿನ ಅರ್ಧ ಜನರ ಕುಂಡೆ ಮೊದಲು ತೊಳೆದವಳು ನಾನು." ಮೇಡಂ ಮುಖವನ್ನು ದಿಟ್ಟಿಸಿ ನೋಡಿ, "ನಿಮ್ಮನ್ನೂ ಎಲ್ಲೋ ನೋಡಿದ ಹಾಗಿದೆ," ಎಂದಳು.

ಮೇಡಂ ಎಸಿಯ ಚಳಿ ಇನ್ನೊಂದಿಷ್ಟು ಹೆಚ್ಚಿಸಿದರು. ಆಮೇಲೆ ಮೇಡಂ ಸಣ್ಣ ದನಿಯಲ್ಲಿ ವಿವರಿಸಿದರು. ಮಗುವಿನಲ್ಲಿ ಪ್ರತಿಭೆ ಇದೆ, ಇಲ್ಲ ಅನ್ನಲ್ಲ. ಆದರೆ ಹೊಂದಾಣಿಕೆ ಅಂತ ಒಂದಿರುತ್ತೆ. ಒಟ್ಟಿಗೆ ಬಸ್ಸಲ್ಲಿ ಹೋಗೋದು, ಒಟ್ಟಿಗೆ ಊಟ, ಬೇರೆ ಮಕ್ಕಳ ಮನೆಯವರು. ಹಾಗಾಗಿ ಅಭ್ಯಾಸಕ್ಕೆ ಬರಲಿ. ಮ್ಯಾಚಿಗೆ ಬೇಡ.

"ಅಂದ್ರೆ ತಂಡದಲ್ಲಿ ಇದ್ದಾಳೋ ಇಲ್ವೋ?" ನೀರಕ್ಕ ಕೇಳಿದಳು.

"ತಂಡದ ಜೊತೆಗಿರ್ತಾಳೆ. ಸಹಾಯಕ ಆಟಗಾರ್ತಿ."

ಹೊರಗೆ ಬಂದ ಮೇಲೆ ಅತ್ತೆ ಉಗಿದಳು. "ಸಹಾಯಕ ಅಂದ್ರೆ ಏನು ಗೊತ್ತೇನೇ? ನಾನೂ ಆಸ್ಪತ್ರೇಲಿ ಸಹಾಯಕಿ. ಹೆರಿಗೆ ಮಾಡ್ಸಿದ್ದು ನಾವು, ಕೈ ಮುಗಿಸ್ಕೊಂಡಿದ್ದು ಡಾಕ್ಟ್ರು."

"ಟರ್ಫಿನ ಮೇಲೆ ಕಾಲಿಡ್ತಾಳಲ್ಲ ಅತ್ತೆ," ಎಂದಳು ನೀರಕ್ಕ. ಅವಳಿಗೆ ಅಷ್ಟೇ ಕೇಳಿಸಿತ್ತು.

ಕಡ್ಡಿ ಟರ್ಫಿನ ಮೇಲೆ ಕಾಲಿಟ್ಟಳು. ಗೋಲಿನೊಳಗೆ ಇಟ್ಟಳು. ಅವಳನ್ನು ದಿನವೂ ಅಲ್ಲೇ ನಿಲ್ಲಿಸಿದರು. ಉಳಿದ ಮಕ್ಕಳು ಸಾಲಾಗಿ ಬಂದು ಚೆಂಡು ಹೊಡೆಯಬೇಕು, ಅವಳು ತಡೆಯಬೇಕು. ಕಾಲಿಗೆ ಪ್ಯಾಡ್ ಇಲ್ಲ. ಪ್ಯಾಡ್ ಆಟಗಾರರಿಗೆ. ಕಡ್ಡಿ ತಡೆದಳು. ಸ್ಟಿಕ್ಕಿನಲ್ಲಿ ತಡೆದಳು, ಪಾದದಲ್ಲಿ ತಡೆದಳು, ಮೊಳಕಾಲಿನ ಕೆಳಗಿನ ಎಲುಬಿನಲ್ಲಿ ತಡೆದಳು. ಒಂದೊಂದು ಚೆಂಡು ತಡೆದಾಗಲೂ ಬಿಳಿ ಬೂಟಿನವರು ಅಂಚಿನಿಂದ ಕೂಗುತ್ತಿದ್ದರು, "ಕ್ಯಾಪ್ಟನ್, ಇನ್ನೂ ಜೋರಾಗಿ! ಆ ಹುಡುಗಿಗೇನೂ ಆಗಲ್ಲ!"

ಆಮೇಲೆ ಕ್ಲಬ್ಬಿಗೆ ಹೊಸ ನೀರಿನ ಡ್ರಮ್ಮು ಬಂತು. ನಲ್ಲಿ ಇರುವ ನೀಲಿ ಡ್ರಮ್ಮು, ಪಕ್ಕದಲ್ಲಿ ಲೋಟ. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು. ಅಭ್ಯಾಸ ಮುಗಿಸಿ ಬೆವರು ಸುರಿಸಿಕೊಂಡು ಬಂದ ಕಡ್ಡಿ ಅದರ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಆ... ಟ... ಗಾ... ರ... ರಿ... ಗೆ. ಮಾ... ತ್ರ." ಯೋಚಿಸಿದಳು. ಇಷ್ಟು ಹೊತ್ತು ಆಡಿದ್ದು ಅವಳೇ. ಲೋಟ ತುಂಬಿಸಿಕೊಂಡು ಗಟಗಟ ಕುಡಿದಳು.

ಸ್ವಲ್ಪ ಹೊತ್ತಿಗೆ ಪಂಪಿನ ಮನೆಗೆ ಸೀಟಿ ಸರ್ ಓಡಿ ಬಂದರು. "ನೀರಕ್ಕಾ, ಸೋಪು, ಬ್ರಷ್ಷು ತಗೊಂಡು ಬಾ. ಬೇಗ."

ಅವಳು ಹೋದಳು. ಡ್ರಮ್ಮಿನ ನೀರನ್ನೆಲ್ಲ ಚರಂಡಿಗೆ ಸುರಿದಿದ್ದರು. ಹಲ್ಲಿಯೋ ಇಲಿಯೋ ಬಿದ್ದಿರಬೇಕು ಅಂದುಕೊಂಡಳು. ಅರ್ಧ ಮೈ ಡ್ರಮ್ಮಿನೊಳಗೆ ತೂರಿಸಿ ಉಜ್ಜಿದಳು. ಒಳಗೆ ಅವಳ ಉಸಿರೇ ಅವಳ ಮುಖಕ್ಕೆ ಬಡಿಯುತ್ತಿತ್ತು. ಹೊರಗೆ ಬಿಳಿ ಬೂಟುಗಳು ನಿಂತಿದ್ದವು. "ನಲ್ಲಿ ಬಾಯಿನೂ ಉಜ್ಜಮ್ಮ. ಲೋಟ ಬಿಸಾಕು, ಬೇರೆ ತರಿಸ್ತೀವಿ." ಅವಳು ಲೋಟ ಬಿಸಾಕಿದಳು. ಒಳ್ಳೇ ಸ್ಟೀಲಿನ ಲೋಟ. ಮನಸ್ಸು ತಡೆಯದೆ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು.

ಸಂಜೆ ಮಗಳಿಗೆ ಸ್ನಾನ ಮಾಡಿಸುವಾಗ ಕಾಲು ನೋಡಿದಳು. ಕಾಲಿನ ಉದ್ದಕ್ಕೂ ನೀಲಿ, ಹಸಿರು, ಹಳದಿ. ಬಣ್ಣ ಬಳಿದ ಹಾಗೆ.

"ನೋಯಲ್ವಾ?"

"ಇದು ನೋಯಲ್ಲ," ಎಂದಳು ಕಡ್ಡಿ. "ಇಲ್ಲಿ ನೋಯುತ್ತೆ." ಕೈ ತೋರಿಸಿದಳು. ಬೆರಳಿನ ಗಂಟು ಕೆಂಪಾಗಿತ್ತು. "ಕ್ಯಾಪ್ಟನ್ ಅಪ್ಪ ಲೋಟ ಕಿತ್ಕೊಂಡ್ರು. ನೀನು ಆಟಗಾರ್ತಿ ಅಲ್ಲ ಅಂದ್ರು. ನೀರೆಲ್ಲ ಚೆಲ್ಲಿಸಿದ್ರು. ಅಮ್ಮಾ, ನಾನು ಕುಡಿದಿದ್ದು ಒಂದೇ ಲೋಟ. ಅಷ್ಟೂ ನೀರು ಯಾಕೆ ಚೆಲ್ಲಿದ್ರು?"

ನೀರಕ್ಕನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಮಗಳ ಬಾಯಿ ತಾಗಿದ್ದನ್ನು ತಾಯಿಯ ಕೈಯಲ್ಲೇ ಉಜ್ಜಿಸಿದ್ದರು. ಅವಳು ಚೆನ್ನಾಗಿ ಉಜ್ಜಿದ್ದಳು. ನಲ್ಲಿಯ ಬಾಯಿಯನ್ನೂ ಬಿಟ್ಟಿರಲಿಲ್ಲ. ಚೊಂಬನ್ನು ನೆಲಕ್ಕೆ ಕುಕ್ಕಿ ಎದ್ದು ನಿಂತಳು.

"ಬಾಯಿ ಮುಚ್ಕೊಂಡಿರು," ಎಂದ ಗಂಡ. "ಕೆಲಸ ಹೋದ್ರೆ?"

"ಬಾಯಿ ಮುಚ್ಕೊಂಡೇ ಇರ್ತೀನಿ," ಎಂದಳು ನೀರಕ್ಕ. ಅವಳ ದನಿ ಕೇಳಿ ಅತ್ತೆ ಮುದುಡಿ ಮಲಗಿದ್ದವಳು ಎದ್ದು ಕೂತಳು.

ಮರುದಿನ ನೀರಕ್ಕ ನೇರ ಮೇಡಂ ಕೋಣೆಗೆ ಹೋದಳು. ಸೀಟಿ ಸರ್ ಅಲ್ಲೇ ಇದ್ದರು. ಅವಳು ಕೂರಲಿಲ್ಲ.

"ಮೇಡಂ, ನನ್ನ ಮಗಳು ಆ ನೀರು ಕುಡೀಬಾರದಾ?"

ಮೇಡಂ ನಿಟ್ಟುಸಿರುಬಿಟ್ಟರು. "ನೋಡಮ್ಮ, ಇದನ್ನ ಮನಸ್ಸಿಗೆ ಹಚ್ಕೋಬೇಡ. ಆಟಗಾರರ ನೀರನ್ನ ಸಿಬ್ಬಂದಿ, ಸಿಬ್ಬಂದಿ ಮನೆಯವರು ಮುಟ್ಟಬಾರದು. ಎಲ್ಲರ ಆರೋಗ್ಯದ ದೃಷ್ಟಿಯಿಂದ."

"ಆಟಗಾರರ ನೀರು ನಾವು ಮುಟ್ಟಬಾರದು."

"ಮುಟ್ಟಬಾರದು."

"ಸರ್, ನೀವೂ ಕೇಳಿಸ್ಕೊಂಡ್ರಾ?"

ಸೀಟಿ ಸರ್ ಪೀಪಿ ಅಂದರು.

"ಸರಿ ಮೇಡಂ," ಎಂದು ನೀರಕ್ಕ ಬಾಗಿಲು ಮೆಲ್ಲಗೆ ಎಳೆದುಕೊಂಡು ಬಂದಳು.

ಲೀಗ್ ಉದ್ಘಾಟನೆಯ ದಿನ ಶಾಮಿಯಾನ, ಸೋಫಾ, ಮೈಕು. ಲೀಗಿನ ಕಡೆಯಿಂದ ಕೋಟು ಹಾಕಿದ ಒಬ್ಬ ವೀಕ್ಷಕರು ಬಂದಿದ್ದರು. ಮೊದಲ ಆಟ ಕ್ಲಬ್ಬಿಗೂ ಡಿಪೋ ತಂಡಕ್ಕೂ. ಡಿಪೋದ ಮಕ್ಕಳು ರಿಪೇರಿಗೆ ನಿಂತಿದ್ದ ಬಸ್ಸೊಂದರಲ್ಲಿ ಬಂದಿಳಿದರು. ಕೆಲವರ ಅಂಗಿ ಮಂಡಿಯವರೆಗೆ, ಕೆಲವರದು ಹೊಕ್ಕುಳದವರೆಗೆ. ಅವರ ಕೋಚು ಕಂಡಕ್ಟರ್ ಅಕ್ಕ ಬಾಗಿಲಲ್ಲಿ ನಿಂತು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ," ಎನ್ನುತ್ತ ಮಕ್ಕಳನ್ನು ಮೈದಾನಕ್ಕೆ ತಳ್ಳುತ್ತಿದ್ದಳು. ಬಿಸಿಲು ನೆತ್ತಿಗೇರಿತ್ತು. ಟರ್ಫು ಕಾದ ಹೆಂಚಿನಂತಾಗಿತ್ತು.

"ನೀರಕ್ಕಾ, ನೀರು!" ಸೀಟಿ ಸರ್ ಕೂಗಿದರು.

ನೀರಕ್ಕ ಪಂಪಿನ ಮನೆಯ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದ್ದಳು. ಪಕ್ಕದಲ್ಲಿ ಕಡ್ಡಿ. ಇಬ್ಬರೂ ನಿಧಾನವಾಗಿ ಅಗಿಯುತ್ತಿದ್ದರು.

"ನೀರು ಹೊಡಿ ಅಂದೆ!"

"ಯಾರ ನೀರು ಸರ್?"

"ಯಾರ ನೀರು ಅಂದ್ರೇನು? ಟರ್ಫಿಗೆ! ಆಟಗಾರರಿಗೆ!"

"ಆಟಗಾರರ ನೀರು ನಾವು ಮುಟ್ಟಬಾರದಲ್ಲ ಸರ್."

ಸೀಟಿ ಸರ್ ಬಾಯಿಂದ ಸೀಟಿ ಬಿತ್ತು. ಹಾಗೆ ಬಿದ್ದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಮೇಡಂ ಬಂದರು. ಮೊದಲು ಮೆಲ್ಲಗೆ ಹೇಳಿದರು, ಆಮೇಲೆ ಜೋರಾಗಿ ಹೇಳಿದರು.

"ನೀನು ಅಧಿಕಪ್ರಸಂಗ ಮಾಡ್ತಾ ಇದ್ದೀಯ!"

"ನಾನೇನೂ ಮಾಡ್ತಾ ಇಲ್ಲ ಮೇಡಂ. ಊಟ ಮಾಡ್ತಾ ಇದ್ದೀನಿ. ನನ್ನ ಕೈಯಲ್ಲಿ ರೋಗಗೀಗ ಏನಾದ್ರೂ ಇರುತ್ತೆ. ಮಕ್ಕಳು ಆ ನೀರಿನ ಮೇಲೇ ಬೀಳ್ತಾರೆ, ಅಂಗೈ ಊರ್ತಾರೆ, ಬಾಯಿಗೂ ಹೋಗುತ್ತೆ. ಆಮೇಲೆ ಟರ್ಫೆಲ್ಲ ಉಜ್ಜಬೇಕಾಗುತ್ತೆ. ನಾನೇ ಉಜ್ಜಬೇಕು. ಒಂದ್ಸಲ ಉಜ್ಜಿದ್ದು ಸಾಕು."

ನೀರಕ್ಕ ಇನ್ನೊಂದು ತುತ್ತು ಕಲಸಿದಳು. ಏಳಲಿಲ್ಲ. ಕಾಲುಗಳು ಅಭ್ಯಾಸಬಲದಿಂದ ಎದ್ದುಬಿಡುತ್ತವೇನೋ ಎಂದು ಭಯವಾಗಿ ಒಂದು ಕೈಯಲ್ಲಿ ಮೆಟ್ಟಿಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಿಡಿ ಮೇಡಂ, ಒಂದು ಪೈಪ್ ತಾನೇ!" ಎಂದು ಬಿಳಿ ಬೂಟಿನವರು ತೋಳು ಮಡಚಿದರು. ಅವರ ಹಿಂದೆ ಇನ್ನಿಬ್ಬರು ಅಪ್ಪಂದಿರು. ಮೂವರೂ ಪೈಪನ್ನು ಹೆಗಲಿಗೆತ್ತಿದರು. ನಾಲ್ಕು ಹೆಜ್ಜೆ ನಡೆದರು. ಒಬ್ಬರು ಸೊಂಟ ಹಿಡಿದು ಕೂತರು. ಉಳಿದಿಬ್ಬರು ಹಲ್ಲು ಕಚ್ಚಿ ಎಳೆದರು. ಪೈಪು ಮಿಸುಕಲಿಲ್ಲ. ಮೈಕಿನವನು ಹಾಡು ಹಾಕಿದ. ಮೇಡಂ ಕೂಡ ಬಂದು ಕೈ ಹಾಕಿದರು. ಎಳೆದೂ ಎಳೆದೂ ಮುಖ ಕೆಂಪೇರಿಸಿಕೊಂಡು ಅಂತೂ ಮೈದಾನದ ನಡುವಿಗೆ ತಂದರು. "ಬಿಡಿ!" ಎಂದು ಬಿಳಿ ಬೂಟಿನವರು ಕೂಗಿದರು. ಸೀಟಿ ಸರ್ ವಾಲ್ವನ್ನು ಪೂರ್ತಿ ತಿರುಗಿಸಿಬಿಟ್ಟರು.

ಪೈಪಿಗೆ ಜೀವ ಬಂತು. ಹೆಡೆ ಎತ್ತಿತು. ಬಿಳಿ ಬೂಟಿನವರನ್ನು ಒಂದು ಕಡೆ, ಮೇಡಮ್ಮನ್ನು ಇನ್ನೊಂದು ಕಡೆ ಎಸೆದು ತನ್ನಷ್ಟಕ್ಕೆ ತಾನು ಕುಣಿಯತೊಡಗಿತು. ಶಾಮಿಯಾನದೊಳಕ್ಕೆ ನೀರು ಹೊಕ್ಕಿತು. ಸೋಫಾ ನೆನೆಯಿತು, ಸೋಫಾದ ಮೇಲಿದ್ದವರು ನೆನೆದರು, ಹಾಡು ಗೊರಗೊರ ಎಂದು ನಿಂತಿತು. ಊರಿಗೆಲ್ಲ ನೀರು ಕುಡಿಸಿದ ಯಜಮಾನರು ಬೋರಲು ಬಿದ್ದು ಬಾಯಿತುಂಬ ಟರ್ಫಿನ ನೀರು ಕುಡಿದರು.

ಮಕ್ಕಳಿಗೆ ಇನ್ನೇನು ಬೇಕು? ಕ್ಲಬ್ಬಿನವರು, ಡಿಪೋದವರು ಎಲ್ಲ ಒಟ್ಟಿಗೆ ಕಿರುಚಿಕೊಂಡು ನೀರಿಗೆ ನುಗ್ಗಿದರು. ಹೊಟ್ಟೆಯ ಮೇಲೆ ಜಾರಿದರು. ಕ್ಯಾಪ್ಟನ್ ಕೇಕೆ ಹಾಕಿ ನಕ್ಕ. ಅವನು ನಗುತ್ತಾನೆ ಎಂದು ಕ್ಲಬ್ಬಿಗೆ ಗೊತ್ತಾದದ್ದೇ ಅವತ್ತು. ಕಡ್ಡಿ ಅಮ್ಮನ ಮುಖ ನೋಡಿದಳು. ಅಮ್ಮ ತಲೆ ಆಡಿಸಿದ್ದೇ ತಡ, ಸ್ಟಿಕ್ಕು ಹಿಡಿದು ಹಾರಿದಳು. ಯಾರು ಯಾವ ತಂಡವೋ ತಿಳಿಯದ ಆ ಗದ್ದಲದಲ್ಲಿ ಚೆಂಡು ಅವಳದಾಯಿತು. ಹಿಡಿಯಲು ಹೋದವರೆಲ್ಲ ಜಾರಿ ಬಿದ್ದರು.

ಕೋಟಿನ ನೀರು ಹಿಂಡಿಕೊಳ್ಳುತ್ತಿದ್ದ ವೀಕ್ಷಕರು ಅವಳನ್ನು ಕರೆದು ಕೇಳಿದರು. "ಯಾವ ತಂಡ ಮರಿ ನೀನು? ಜೆರ್ಸಿ ಎಲ್ಲಿ?"

"ನಾನು ಆಟಗಾರ್ತಿ ಅಲ್ಲ," ಎಂದಳು ಕಡ್ಡಿ. "ನನಗೆ ಹೊಡೆದು ಹೊಡೆದು ಇವರು ಕಲೀತಾರೆ. ನಾನು ನೀರು ಕುಡಿದ್ರೆ ಚೆಲ್ತಾರೆ. ನಮ್ಮಮ್ಮ ತೊಳೀತಾರೆ." ಕಾಲಿನ ಬಣ್ಣಗಳನ್ನೂ ತೋರಿಸಿದಳು.

ಕಂಡಕ್ಟರ್ ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಬಗ್ಗಿ ಆ ಕಾಲು ನೋಡಿದಳು. ಆಮೇಲೆ ಮೇಡಂ ಕಡೆ ನೋಡಿದಳು.

ಅವತ್ತಿನ ಆಟ ನಡೆಯಲಿಲ್ಲ. ಮರುದಿನ ನೀರಕ್ಕನಿಗೆ ಕರೆ ಬಂತು. ಕೋಣೆಯಲ್ಲಿ ಈ ಸಲ ಕುರ್ಚಿಗೆ ಪೇಪರು ಹಾಸಿರಲಿಲ್ಲ. ಮೇಡಂ ನಗುನಗುತ್ತ ಮಾತಾಡಿದರು. ಆದದ್ದು ಆಯಿತು. ಎಲ್ಲ ಹೆತ್ತವರ ಮುಂದೆ ನೀರಕ್ಕ ಒಂದು ಸಲ ತಪ್ಪಾಯಿತು ಅನ್ನಬೇಕು, ಅಷ್ಟೇ. ಕಡ್ಡಿಯನ್ನು ತಂಡಕ್ಕೆ ತಗೊಳ್ತಾರೆ. ಜೆರ್ಸಿ, ಬೂಟು, ಪ್ಯಾಡು ಎಲ್ಲ ಕೊಡ್ತಾರೆ. ಲೀಗಿನವರಿಗೆ ತಂಡದ ಫೋಟೋ ಕಳಿಸಬೇಕು, ಅದರಲ್ಲಿ ಮುಂದಿನ ಸಾಲಿನ ನಡುವೆ ಅವಳೇ ಇರ್ತಾಳೆ.

ಬೂಟು. ನೀರಕ್ಕ ಕಣ್ಣು ಮುಚ್ಚಿದರೆ ಆ ಬೂಟು ಹಸಿರಿನ ಮೇಲೆ ಓಡುತ್ತಿತ್ತು. ಒಂದು ಮಾತು ಅಂದರೆ ಸಾಕು. ಬಾಯಿ ತೆರೆದಳು ಕೂಡ.

"ಫೋಟೋ ಆದ್ಮೇಲೆ ಮ್ಯಾಚಲ್ಲಿ ಆಡಿಸ್ತೀರಾ ಮೇಡಂ?"

ಮೇಡಂ ಸೀಟಿ ಸರ್ ಮುಖ ನೋಡಿದರು. ಸೀಟಿ ಸರ್ ಕಿಟಕಿ ನೋಡಿದರು. "ಸಂದರ್ಭ ನೋಡ್ಕೊಂಡು..." ಎಂದರು ಮೇಡಂ.

"ಫೋಟೋದಲ್ಲಿ ನಿಲ್ಲೋಕೆ ಮಗು ಬೇಕಾದ್ರೆ ಸ್ಟುಡಿಯೋದವರನ್ನ ಕೇಳಿ ಮೇಡಂ, ಎಲ್ಲಾದ್ರೂ ಬಾಡಿಗೆಗೆ ಸಿಗಬಹುದು. ನಂದು ಸಿಗಲ್ಲ. ತಪ್ಪಾಯ್ತು ಅಂತ ನಾನು ಹೇಳಲ್ಲ. ಮಾಡಿದ್ರೆ ತಾನೇ ಹೇಳೋದು? ಕೆಲಸದಿಂದ ತೆಗೀತೀರೋ, ತೆಗೀರಿ. ಪೈಪು ಅಲ್ಲೇ ಬಿದ್ದಿದೆ. ನಿಮಗೂ ಈಗ ಎಳೆದು ಗೊತ್ತಿದೆ."

ಅವಳನ್ನು ತೆಗೆಯಲಿಲ್ಲ. ಪೈಪಿಗೆ ಇಬ್ಬರು ಗಂಡಾಳುಗಳನ್ನು ಹಾಕಿ ಅವಳನ್ನು ಕಕ್ಕಸು ತೊಳೆಯಲು ಕಳಿಸಿದರು. ಶಿಕ್ಷೆ ಅಂತ ಕಳಿಸಿದ್ದು. ಅಲ್ಲಿ ಭಾರ ಎಳೆಯುವುದಿರಲಿಲ್ಲ. ನಾತವಿತ್ತು. ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ತೊಳೆದಳು, ಒಳಗೊಳಗೇ ಶಪಿಸಿದಳು. ರಾತ್ರಿ ಹೆಗಲು ಹಗುರವಾಗಿ, ಕೈ ಫಿನಾಯಿಲ್ ನಾರಿ, ಮಲಗಿ ಅತ್ತಳು. ಕಾರಣ ಯಾವುದೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಬೂಟು ಅಂತಿಟ್ಟುಕೊಳ್ಳೋಣ.

ಅದೇ ವಾರ ಗಂಡ ಕಂಡಕ್ಟರ್ ಅಕ್ಕನನ್ನು ಮನೆಗೆ ಕರೆತಂದ. ಅತ್ತೆ ಅವಳನ್ನು ಚಾಪೆಯ ಮೇಲೆ ಕೂರಿಸಿ ವಿಚಾರಣೆ ಶುರುಮಾಡಿದಳು.

"ನಿಮ್ಮ ತಂಡ ಗೆಲ್ಲುತ್ತಾ?"

"ಅಪರೂಪಕ್ಕೆ."

"ಮಕ್ಕಳಿಗೆ ಹೊಡೀತೀರಾ?"

"ಇಲ್ಲ. ಬೈತೀನಿ. ಎಲ್ಲರಿಗೂ ಒಂದೇ ಸಮ."

"ಮ್ಯಾಚಲ್ಲಿ ಆಡಿಸ್ತೀರಾ?" ನೀರಕ್ಕ ನಡುವೆ ಬಾಯಿಹಾಕಿದಳು.

"ಮತ್ತೆ ಇನ್ಯಾತಕ್ಕೆ ಕರ್ಕೊಂಡು ಹೋಗ್ಲಿ? ಬಸ್ ತೊಳೆಯೋಕಾ?" ಎಂದಳು ಕಂಡಕ್ಟರ್ ಅಕ್ಕ. ಬಸ್ ತೊಳೆಯುವ ಗಂಡ ಕೆಮ್ಮಿದ. "ನಿಮಗಲ್ಲ ಅಣ್ಣ ಹೇಳಿದ್ದು," ಎಂದು ಅವನ ಬೆನ್ನಿಗೊಂದು ಗುದ್ದಿದಳು.

ಕಡ್ಡಿ ಅಷ್ಟೂ ಹೊತ್ತು ಗೋಡೆಗೊರಗಿ ಕೇಳುತ್ತಿದ್ದಳು. "ನಾನು ಇವರ ಜೊತೆ ಹೋಗ್ತೀನಿ," ಎಂದಳು. ಅಲ್ಲಿಗೆ ಲೀಗಿನ ಆಯ್ಕೆ ಮುಗಿಯಿತು.

ನಿಂತುಹೋದ ಆ ಆಟವನ್ನು ಲೀಗಿನವರು ಡಿಪೋ ಮೈದಾನದಲ್ಲಿ ಆಡಿಸಿದರು. ಜಲ್ಲಿ ಗುಡಿಸಿ ಸುಣ್ಣದ ಗೆರೆ ಎಳೆದ ನೆಲ, ಸುತ್ತ ಆಳೆತ್ತರದ ಗೋಡೆ. ನೀರಕ್ಕ ರಜೆ ಹಾಕಿ, ತಲೆ ಬಾಚಿಕೊಂಡು, ಅತ್ತೆಯ ಜೊತೆ ಬಂದು ಗೆರೆಯ ಪಕ್ಕ ನಿಂತಳು. ಮನೆಯಲ್ಲೂ ದನಿ ಏರಿಸದವಳು. ಕ್ಲಬ್ಬಿನ ಅಪ್ಪಂದಿರು ಕಿರುಚುವುದನ್ನು ನೋಡಿ ಇವರಿಗೇನು ಹುಚ್ಚು ಎಂದುಕೊಂಡವಳು. ಹಳದಿ ಅಂಗಿ ಹಾಕಿಕೊಂಡು ಕಡ್ಡಿ ಚೆಂಡು ಮುಟ್ಟಿದ್ದೇ ತಡ ಅವಳಿಗೇನಾಯಿತೋ.

"ಹೊಡೀ! ಆ ಕಡೆ! ಅಲ್ಲಲ್ಲ, ಈ ಕಡೆ! ಓಡೇ! ಏ ಅಂಪೈರೇ, ಕಣ್ಣಿಲ್ವಾ ನಿಂಗೆ?"

ಅತ್ತೆ ಅವಳ ಸೆರಗು ಎಳೆದಳು. ನೀರಕ್ಕ ಕೊಡವಿಕೊಂಡು ಗೆರೆ ದಾಟಿ ಮೈದಾನಕ್ಕೇ ನುಗ್ಗಿದಳು. ಕಂಡಕ್ಟರ್ ಅಕ್ಕ ಅಡ್ಡ ಬಂದು ಕೈ ಚಾಚಿದಳು.

"ಹೊರಗೆ ಹೋಗಿ."

"ನಾನು ಅವಳ ತಾಯಿ!"

"ಗೊತ್ತು. ಅದಕ್ಕೇ ಹೇಳ್ತಿರೋದು. ಕಿರುಚೋರಿಗೆಲ್ಲ ಒಂದೇ ನಿಯಮ. ಹೊರಗೆ. ರೈಟ್, ಹೊರಡಿ!"

ನೀರಕ್ಕ ಗೇಟಿನಿಂದಾಚೆ ಬಂದಳು. ಮುಖಕ್ಕೆ ಬಿಸಿ ಏರಿತ್ತು. ಒಂದು ಕ್ಷಣ ನಿಂತು ತನಗೇನಾಯಿತು ಎಂದು ನೋಡಿಕೊಂಡಳು. ಅವಮಾನದಿಂದ ಅಳು ಬರುತ್ತದೆಂದು ಕಾದಳು. ಬರಲಿಲ್ಲ. ನಗು ಬಂತು. ಸುತ್ತ ನೋಡಿದಳು. ಗೋಡೆಗೆ ಒರಗಿ ಹಳೇ ಟೈರುಗಳ ರಾಶಿ ಬಿದ್ದಿತ್ತು. ಸೀರೆ ಎತ್ತಿ ಕಟ್ಟಿ ಸರಸರನೆ ಹತ್ತಿದಳು. ಗೋಡೆಯ ಮೇಲೆ ಗಲ್ಲ ಊರಿದರೆ ಇಡೀ ಮೈದಾನ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಗೇಟು ಮತ್ತೆ ಕಿರ್ರೆಂದಿತು. ಕಂಡಕ್ಟರ್ ಅಕ್ಕ ಬಿಳಿ ಬೂಟಿನವರನ್ನೂ ಹೊರಗೆ ಹಾಕಿದ್ದಳು. ಅವರು ಗೋಡೆಯ ಬುಡದಲ್ಲಿ ಅತ್ತಿಂದಿತ್ತ ಓಡಾಡಿದರು, ಹಾರಿ ನೋಡಿದರು, ಏನೂ ಕಾಣಲಿಲ್ಲ. ಒಳಗಿನಿಂದ ದೊಡ್ಡದೊಂದು ಕೂಗು ಎದ್ದಿತು.

"ಏನಾಯ್ತು? ಯಾರು ಹೊಡೆದ್ರು?" ಎಂದು ಅವರು ತಲೆ ಎತ್ತಿ ಕೇಳಿದರು. ಆಗ ಅವರಿಗೆ ಮೇಲಿರುವುದು ಯಾರು ಎಂದು ಗೊತ್ತಾಯಿತು. ಸ್ವಲ್ಪ ತಡೆದು, "ಅಮ್ಮಾ, ಒಂಚೂರು ಸರ್ಕೋತೀರಾ? ನಾನೂ ಹತ್ತುತೀನಿ," ಎಂದರು.

ನೀರಕ್ಕ ಕೆಳಗೆ ನೋಡಿದಳು. ಟೈರಿನ ಮೇಲೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಇತ್ತು.

"ಅಲ್ಲೇ ನಿಂತಿರಿ ಸಾರ್," ಎಂದಳು. "ನಾನು ನೋಡಿ ಹೇಳ್ತೀನಿ."

ತಿರುಗಿ ಗೋಡೆಯ ಮೇಲೆ ಗಲ್ಲ ಊರಿ, ಗಂಟಲು ಹರಿಯುವ ಹಾಗೆ ಮಗಳ ಹೆಸರು ಹಿಡಿದು ಕೂಗಿದಳು.